ಕಾಂಕ್ರೀಟ್ ರುಚಿ ನೋಡುವ ಚಂದಯ್ಯ ಮೇಸ್ತ್ರಿ

ಚಂದಯ್ಯ ಮೇಸ್ತ್ರಿಯ ನಾಲಿಗೆಯ ಬಗ್ಗೆ ಕುಂದಾಪುರ ಸೀಮೆಯಲ್ಲಿ ಊರಿಗೊಂದು ಕತೆ ಇದೆ. ಬೈಂದೂರಿನ ಸಿಮೆಂಟ್ ಅಂಗಡಿಯ ಬೆಂಚಿನ ಮೇಲೆ ಕೂರುವವರ ಪ್ರಕಾರ, ಆ ನಾಲಿಗೆ ಒಂದು ಗೋಡೆಯನ್ನು ಒಮ್ಮೆ ನೆಕ್ಕಿದರೆ ಸಾಕು, ಒಳಗಿನ ಹೊಯಿಗೆ ಯಾವ ಹೊಳೆಯ ಮರಳು, ಅದನ್ನು ಎತ್ತಿದ ದಿನ ಉಬ್ಬರವಿತ್ತೋ ಇಳಿತವಿತ್ತೋ ಎಂದು ಹೇಳಿಬಿಡುತ್ತದೆ. ಹಟ್ಟಿಯಂಗಡಿಯವರಿಗೆ ಇಷ್ಟು ಸಾಲದು. ಹೊಯಿಗೆ ತುಂಬಿದ ದೋಣಿಯವನ ಹೆಸರು, ಅವನ ಹೆಂಡತಿಯ ತವರೂರು ಕೂಡ ಆ ರುಚಿಯಲ್ಲಿ ಬರುತ್ತದೆ ಎಂದು ಅವರು ಆಣೆ ಇಡುತ್ತಾರೆ. ಕತೆ ಬ್ರಹ್ಮಾವರ ತಲುಪುವಷ್ಟರಲ್ಲಿ ನಾಲಿಗೆ ಒಂದು ಗೇಣು ಬೆಳೆದಿರುತ್ತದೆ. ಅಲ್ಲಿ ಇಂಜಿನಿಯರೊಬ್ಬರು ಪೆಟ್ಟಿಗೆಯಂಥ ಯಂತ್ರವನ್ನು ಸ್ಲ್ಯಾಬಿಗೆ ಆನಿಸಿ ಮೂರು ದಿನ ತಪಸ್ಸು ಮಾಡಿ ಕಂಡುಕೊಂಡದ್ದನ್ನು ಮೇಸ್ತ್ರಿ ಏಣಿ ಹತ್ತಿ, ನೆಕ್ಕಿ, ಏಣಿ ಇಳಿಯುವುದರೊಳಗೆ ಹೇಳಿದರಂತೆ. ಇಂಜಿನಿಯರು ಯಂತ್ರವನ್ನು ಅಲ್ಲೇ ಬಿಟ್ಟು ಸನ್ಯಾಸ ತಗೊಂಡರಂತೆ.

ನಿಜ ಸಂಗತಿ ಇಷ್ಟು. ಎಲ್ಲಾದರೂ ಕಾಂಕ್ರೀಟು ಸಿಪ್ಪೆ ಎದ್ದಿದ್ದರೆ ಮೇಸ್ತ್ರಿ ತೋರುಬೆರಳನ್ನು ಒದ್ದೆ ಮಾಡಿ ಅಲ್ಲಿ ಉಜ್ಜುತ್ತಾರೆ, ಬೆರಳನ್ನು ನಾಲಿಗೆಯ ತುದಿಗೆ ತಾಗಿಸುತ್ತಾರೆ, ಥೂ ಎಂದು ಉಗಿಯುತ್ತಾರೆ, ಆಮೇಲೆ "ಉಪ್ಪ್" ಅಥವಾ "ಉಪ್ಪಲ್ಲ" ಎನ್ನುತ್ತಾರೆ. ದಂತಕತೆ ಮಾಡಿದ ಉಪಕಾರವೆಂದರೆ ನಡುವೆ ಇದ್ದ ಬೆರಳನ್ನು ತೆಗೆದುಹಾಕಿದ್ದು.

ಆ ಬೆರಳನ್ನು ತೆಗೆದವನು ದೇವು. ಇಪ್ಪತ್ತೆರಡು ವರ್ಷಗಳಿಂದ ಮೇಸ್ತ್ರಿಯ ಜೊತೆ ಸಿಮೆಂಟು ಕಲಸುತ್ತ ಬಂದ ದೇವುವಿಗೆ ಈಗ ವಯಸ್ಸು ಐವತ್ತು ಕಳೆದಿದೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಮೇಸ್ತ್ರಿಯ ಪವಾಡಗಳನ್ನು ವರ್ಣಿಸುವುದು ಅವನಿಗೆ ಕಲಸುವುದಕ್ಕಿಂತ ಹೆಚ್ಚು ಪ್ರಿಯವಾದ ಉದ್ಯೋಗ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಒಮ್ಮೆಯೂ ಅನಿಸಿಲ್ಲ. ಮೇಸ್ತ್ರಿ ಮಾಡುವ ಪ್ರತಿಯೊಂದಕ್ಕೂ ಒಂದು ಗಹನವಾದ ಕಾರಣ ಇರುತ್ತದೆ, ಅವರು ಸಂಕೋಚದಿಂದ ಹೇಳುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಮಹಾಪುರುಷರ ಬಾಲ್ಯದಲ್ಲಿ ಏನಾದರೂ ಲಕ್ಷಣ ಕಾಣಿಸಬೇಕು. ಚಂದಯ್ಯನವರ ಬಾಲ್ಯದಲ್ಲಿ ಕಾಣಿಸಿದ್ದು ಗಣಿತದಲ್ಲಿ ಹದಿನೆಂಟು ಅಂಕ. ಅವರ ಊರಾದ ತ್ರಾಸಿಯ ಹುಡುಗರು ಹೀಗಾದಾಗ ಮುಂಬೈಯ ಹೋಟೆಲು ಸೇರುವುದು ಆಗ ವಾಡಿಕೆ. ಇವರೂ ಬಸ್ಸು ಹತ್ತಿದರು. ಆದರೆ ಎರಡೇ ದಿನ ತಟ್ಟೆ ತೊಳೆದು, ನೀರಿನಲ್ಲಿ ಕೈ ಬಿಳುಚಿಕೊಂಡದ್ದನ್ನು ನೋಡಿ ಬೇಸರಪಟ್ಟು, ಥಾಣೆಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ ಅದೇ ಕೈಯನ್ನು ಸಿಮೆಂಟಿನಲ್ಲಿ ಇನ್ನಷ್ಟು ಬಿಳುಚಿಸಿಕೊಂಡರು. ಒಂಬತ್ತು ವರ್ಷದ ಮೇಲೆ ಊರಿಗೆ ಬಂದಾಗ ಅವರ ಆಸ್ತಿಯೆಂದರೆ ನೆಲ ನಯ ಮಾಡುವ ಒಂದು ಉಕ್ಕಿನ ಕರಣೆ ಮತ್ತು ಕಾರಂಜಿಯಂತೆ ಚಿಮ್ಮುವ ಮರಾಠಿ ಬೈಗುಳ. ಬೈಗುಳ ಊರಿನಲ್ಲಿ ಯಾರಿಗೂ ಅರ್ಥವಾಗದೆ ತುಕ್ಕು ಹಿಡಿಯಿತು. ಕರಣೆ ಮಾತ್ರ ಉಳಿಯಿತು.

ನಾಲಿಗೆ ಕೆಲಸಕ್ಕೆ ಇಳಿದದ್ದು ಮರವಂತೆಯಲ್ಲಿ. ಅಲ್ಲಿ ಒಂದು ಪಕ್ಕ ಕಡಲು, ಒಂದು ಪಕ್ಕ ಹೊಳೆ, ನಡುವೆ ಹೆದ್ದಾರಿ. ಹಾಗಾಗಿ ಮನೆಯಲ್ಲಿ ಏನೇ ಹಾಳಾದರೂ ಬೈಸಿಕೊಳ್ಳಲು ಮೂವರು ಸಿದ್ಧವಾಗಿರುತ್ತಾರೆ. ಒಬ್ಬರ ಮನೆಯ ಕಿಟಕಿಯ ಸಜ್ಜೆ ಬಿರುಕು ಬಿಟ್ಟು, ಒಂದು ಮಧ್ಯಾಹ್ನ ಅದರ ತುಂಡು ಕೆಳಗೆ ಮಲಗಿದ್ದ ಬೆಕ್ಕಿನ ಬಾಲದ ಪಕ್ಕದಲ್ಲೇ ಬಿತ್ತು. ಮನೆಯವರು ಲಾರಿಗಳ ಅದುರಾಟವನ್ನು ಬೈದರು. ಚಂದಯ್ಯ ತುಂಡನ್ನು ಎತ್ತಿ ಬೆರಳು ಉಜ್ಜಿ ನಾಲಿಗೆಗೆ ಇಟ್ಟರು. ಉಪ್ಪು. ಕಡಲ ದಂಡೆಯ ಹೊಯಿಗೆಯನ್ನು ತೊಳೆಯದೆ ಹಾಕಿದ್ದರಿಂದ ಒಳಗಿನ ಸರಳು ತುಕ್ಕು ಹಿಡಿದು, ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳಿತ್ತು. ಲಾರಿ ನಿರಪರಾಧಿ ಎಂದು ಸಾಬೀತಾಯಿತು. ಬೆಕ್ಕು ಮಾತ್ರ ಆಮೇಲೆ ಆ ಮನೆಗೆ ಬರಲೇ ಇಲ್ಲ.

ಅಂದಿನಿಂದ ಜನ ಅವರನ್ನು ಕಾಂಕ್ರೀಟಿನ ಕಾಯಿಲೆ ನೋಡಲು ಕರೆಯತೊಡಗಿದರು. ಅವರ ರೋಗನಿದಾನ ಯಾವಾಗಲೂ ಒಂದೇ ವಾಕ್ಯದಿಂದ ಶುರು: "ಕಾಂಕ್ರೀಟ್ ತನ್ನಷ್ಟಿಗೇ ಸಾಯುದಿಲ್ಲೆ, ಮನಿಯವ್ರೇ ಕೊಲ್ಲುದ್." ಹೀಗೆ ಹೇಳುವ ವೈದ್ಯನನ್ನು ಜನ ಎರಡನೇ ಸಲ ಕರೆಯುವುದು ಕಡಿಮೆ. ಆದರೂ ಕರೆದರು.

ಆದರೆ ಇಷ್ಟೆಲ್ಲ ಕೀರ್ತಿಯ ನಡುವೆ ಒಂದು ಕೊರತೆ ಉಳಿದಿತ್ತು. ಮೂವತ್ತು ವರ್ಷ ಅವರು ಮಾಡಿದ್ದೆಲ್ಲ ಅಂಗಳ, ಬಚ್ಚಲು, ದನದ ಕೊಟ್ಟಿಗೆ. ಒಂದು ದೊಡ್ಡ ನೆಲ, ಊರಿಗೆ ಊರೇ ಸಾಲು ಹಾಕಿ ಕೂತು ಉಣ್ಣುವಂಥ ನೆಲ, ಅವರ ಕೈಗೆ ಬಂದಿರಲಿಲ್ಲ. "ದನಿನ್ ಕಾಲಡಿಗೇ ಆಯ್ತ್ ನನ್ನ್ ಜನ್ಮ" ಎಂದು ಒಮ್ಮೆ ದೇವುವಿನ ಹತ್ತಿರ ಹೇಳಿದ್ದರು. ದೇವು ಅದನ್ನು ಮರೆತಿರಲಿಲ್ಲ.

ಈ ವರ್ಷ ಊರಿನ ಹೊಸ ಸಭಾಭವನದ ಗೋಡೆ ಎದ್ದು, ಮೇಲಿನ ಮಾಡು ಮುಗಿದು, ನೆಲ ಒಂದು ಬಾಕಿ ಉಳಿಯಿತು. ಕೆಲಸ ಯಾರಿಗೆ ಎಂಬ ಪ್ರಶ್ನೆಗೆ ಎರಡು ಹೆಸರು ಬಂದವು. ಒಂದು ಚಂದಯ್ಯ ಮೇಸ್ತ್ರಿ. ಇನ್ನೊಂದು ಮಿಥುನ್. ಕುಂದಾಪುರದ ಈ ಯುವ ಕಂಟ್ರಾಕ್ಟರನ ಹತ್ತಿರ ನೆಲವನ್ನು ತಾನೇ ತಿಕ್ಕಿ ಹೊಳಪು ಮಾಡುವ ಯಂತ್ರವಿತ್ತು, ಮತ್ತು ಅದು ಗಿರ್ರನೆ ತಿರುಗುವ ವಿಡಿಯೋ ದಿನವೂ ಅವನ ವಾಟ್ಸ್ಯಾಪ್ ಸ್ಟೇಟಸಿನಲ್ಲಿತ್ತು.

ಸಮಿತಿಯ ಕಾರ್ಯದರ್ಶಿ ವೈಕುಂಠ ಹೇರ್ಳೆ ಮಾಷ್ಟ್ರು. ಮೂಲ ಸಾಲಿಗ್ರಾಮದ ಕಡೆಯವರು. ಇಲ್ಲಿನ ಶಾಲೆಯಲ್ಲೇ ಮೂವತ್ತು ವರ್ಷ ಪಾಠ ಹೇಳಿ ಇಲ್ಲೇ ನೆಲೆಯಾದವರು. ಅವರು ಸಭೆಯಲ್ಲಿ, ಎದುರಿಗೇ ಕೂತಿದ್ದ ಮೇಸ್ತ್ರಿಯ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಇನ್ನೇನು ಬರೆಯಬೇಕು, ಅಷ್ಟರಲ್ಲಿ ಸರೋಜಕ್ಕ ಎದ್ದು ನಿಂತಳು. ಸರೋಜಕ್ಕ ಒಣಮೀನು ವ್ಯಾಪಾರದವಳು, ಸಮಿತಿಯ ಸದಸ್ಯೆ. ಅವಳು ಎದ್ದು ನಿಂತರೆ ಉಳಿದವರು ಕೂರುವುದು ಪದ್ಧತಿ.

"ಹ್ವಾಯ್ ಮಾಷ್ಟ್ರೆ, ಪೆನ್ನ್ ಕೆಳ್ಗ್ ಇಡಿ. ನನ್ನ್ ಅಂಗಳಕ್ಕೆ ಇವ್ರ್ ಕಾಂಕ್ರೀಟ್ ಹಾಕಿ ಎರ್ಡ್ ವರ್ಷ ಆಯ್ತಷ್ಟೆ. ಹಾವ್ ಪೊರೆ ಬಿಟ್ಟಾಂಗೆ ಬಿಡ್ತಾ ಇತ್ತ್. ಕಡಲ್ ಹೊಯ್ಗಿ ಹಾಕಿರ್ ಇವ್ರ್. ಊರಿಗೆಲ್ಲ ಉಪ್ಪ್ ಉಪ್ಪ್ ಅಂದೇಳಿ ಹೇಳ್ಕಂಡ್ ತಿರ್ಗುದ್, ನಮ್ಮನಿಗೆ ಉಪ್ಪೇ ಬಡ್ಸುದ್!"

ಸಭೆ ಬೆಚ್ಚಿತು. ಕಾಂಕ್ರೀಟಿನ ವೈದ್ಯನ ಮೇಲೆ ವಿಷಪ್ರಾಶನದ ಆರೋಪ! ಕೊನೆಗೆ ಮಾಷ್ಟ್ರು ನಿರ್ಣಯ ಬರೆದರು: ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸರೋಜಕ್ಕನ ಅಂಗಳದಲ್ಲಿ ಸೇರುವುದು. ತಪ್ಪು ಮೇಸ್ತ್ರಿಯದೆಂದು ಕಂಡರೆ ಸಭಾಭವನದ ನೆಲ ಮಿಥುನನಿಗೆ. ಮೇಸ್ತ್ರಿ ಬರುವುದಾಗಿ ತಲೆ ಅಲ್ಲಾಡಿಸಿ "ಬತ್ತೆ" ಎಂದಷ್ಟೇ ಹೇಳಿದರು.

ದೇವುವಿಗೆ ಮೂರು ದಿನ ಅನ್ನ ರುಚಿಸಲಿಲ್ಲ. ಕಡಲ ಹೊಯಿಗೆ ಹಾಕಿಲ್ಲವೆಂದು ಅವನಿಗೆ ಗೊತ್ತು, ಕಲಸಿದವನು ಅವನೇ. ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಅದನ್ನು ಅವನು ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಸರೋಜಕ್ಕನ ಅಂಗಳದಲ್ಲಿ ಐದಾರು ಪ್ಲಾಸ್ಟಿಕ್ ಕುರ್ಚಿ ಹಾಕಿ, ಎಲ್ಲರಿಗೂ ಚಾ ಕೊಟ್ಟು, ಯುದ್ಧ ಶುರುವಾಯಿತು. ಮೇಸ್ತ್ರಿ ಚಪ್ಪಲಿ ಕಳಚಿ, ಪಂಚೆ ಎತ್ತಿಕಟ್ಟಿ, ರಣರಂಗದ ಪಡುವಣ ಮೂಲೆಗೆ ನಡೆದರು. ಅಲ್ಲಿ ನೆಲ ಬಿಳಿ ಬಿಳಿಯಾಗಿ, ಹುಡಿಹುಡಿಯಾಗಿ ಏಳುತ್ತಿತ್ತು. ಬೆರಳು ಉಜ್ಜಿದರು. ನೆಕ್ಕಿದರು. ಉಗಿದರು.

"ಉಪ್ಪ್."

"ಕಂಡ್ರ್ಯಾ!" ಸರೋಜಕ್ಕ ಚಪ್ಪಾಳೆ ತಟ್ಟಿದಳು. "ಅವ್ರ್ ಬಾಯಲ್ಲೇ ಬಂತ್! ಮಾಷ್ಟ್ರೆ, ಬರ್ಕಣಿ!"

ಮೇಸ್ತ್ರಿ ಅಂಗಳ ದಾಟಿ, ಮೆಟ್ಟಿಲ ಬುಡದ ನುಣ್ಣನೆಯ ನೆಲದ ಮೇಲೆ ಕೂತು ಅದನ್ನೂ ರುಚಿ ನೋಡಿದರು.

"ಇಲ್ಲಿ ಉಪ್ಪಿಲ್ಲೆ. ಎರಡ್ ಕಡಿಗೂ ಒಂದೇ ಹೊಯ್ಗಿ, ಒಂದೇ ದಿನ ಕಲ್ಸಿದ್ದ್. ಅಲ್ಲಿ ಮಾತ್ರ ಉಪ್ಪ್ ಹ್ಯಾಂಗ್ ಬಂತ್? ಸರೋಜಕ್ಕ, ಆ ಮೂಲಿಲಿ ನೀವ್ ಎಂತ ಮಾಡ್ತ್ರಿ?"

"ಎಂತ ಮಾಡುದ್? ಮೀನಿಗ್ ಉಪ್ಪ್ ಹಾಕ್ತೆ. ನಮ್ಮ್ ಅನ್ನ ಅದೇ ಅಲ್ದಾ?"

"ಆ ಉಪ್ಪ್ ನೀರ್ ಎಲ್ಲಿಗ್ ಹೋತ್ತ್?"

ಸರೋಜಕ್ಕ ತೆಂಗಿನ ಮರ ನೋಡಿದಳು, ಆಕಾಶ ನೋಡಿದಳು, ಕಡೆಗೆ ಸಾಲಾಗಿ ನಿಂತಿದ್ದ ತನ್ನ ನೀಲಿ ಡ್ರಮ್ಮುಗಳನ್ನೂ ನೋಡಬೇಕಾಯಿತು. ಅವುಗಳ ಬುಡದಿಂದ ಉಪ್ಪುನೀರು ತೆಳ್ಳಗೆ ಹರಿದು ಅದೇ ಬಿಳಿ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಆ ನೀರು ನೆಲದೊಳಗೆ ಇಳಿಯುತ್ತದೆ, ಬಿಸಿಲಿಗೆ ಆರಿ ಒಳಗೇ ಹರಳುಗಟ್ಟುತ್ತದೆ, ಹರಳು ಉಬ್ಬಿ ಮೇಲಿನ ಪದರವನ್ನು ಎತ್ತುತ್ತದೆ ಎಂದು ಮೇಸ್ತ್ರಿ ಹೇಳಿದರು. ದೇವು ಎಲ್ಲರ ಮುಖ ನೋಡಿ ಮೀಸೆ ತೀಡಿಕೊಂಡ.

ಎರಡನೆಯ ಗಾಯ ತೆಂಕು ಬದಿಯಲ್ಲಿ. ನೆಲ ಕಪ್ಪಾಗಿತ್ತು, ಅಲ್ಲಲ್ಲಿ ಬಟ್ಟಲಿನ ಆಕಾರದಲ್ಲಿ ಹಾರಿಹೋಗಿತ್ತು. ಮೇಸ್ತ್ರಿ ಇದನ್ನು ನೆಕ್ಕಲೂ ಇಲ್ಲ.

"ಇಲ್ಲಿ ಬೆಂಕಿ ಹಾಕಿದ್ದ್ ಯಾರ್?"

"ಯಾರ್ ಅಂದ್ರೆ? ಭತ್ತ ಬೇಯ್ಸುಕೆ ಹಂಡಿ ಇಟ್ಟದ್ ನಾನೇ. ಮನಿ ಗದ್ದಿ ಭತ್ತ. ಕುಚ್ಚಲಕ್ಕಿ ಬೇಕಲೆ? ಅಂಗಳ ಇಪ್ಪುದೇ ಅದ್ಕಲ್ದಾ? ಹಂಡಿ ತಲೆ ಮೇಲ್ ಇಟ್ಕಂಡ್ ಬೇಯ್ಸುದಾ?"

"ಬೇಯ್ಸುವತ್ತಿಗೆ ಪಟ್ ಅಂದೇಳಿ ಸದ್ದ್ ಆಯ್ತಾ ಇಲ್ಯಾ?"

"ಆಯ್ತಪ್ಪ." ಅವಳ ದನಿ ಸ್ವಲ್ಪ ತಗ್ಗಿತು. "ಪಟಾಕಿ ಹೊಡ್ದಾಂಗ್ ಆಯ್ತ್. ನಾನ್ ಬೆಂಕಿಗ್ ಹಾಕಿದ್ ತೆಂಗಿನ್ ಗೆರಟಿ ಒಡೀತ್ ಅಂದ್ಕಂಡೆ."

"ಒಡ್ದದ್ದ್ ಅಂಗಳ."

ಚಾ ಕುಡಿಯುತ್ತಿದ್ದ ಮಾಷ್ಟ್ರಿಗೆ ನಗು ಬಂದು ನೆತ್ತಿಗೇರಿತು. ಸರೋಜಕ್ಕ ಅವರನ್ನು ದುರುಗುಟ್ಟಿ ನೋಡಿದಳು.

ಮೂರನೆಯದು ಬಚ್ಚಲಿಗೆ ಹೋಗುವ ದಾರಿ. ಅಲ್ಲಿ ಸಿಮೆಂಟೆಲ್ಲ ಕರಗಿ ಜಲ್ಲಿ ಹಲ್ಲು ಕಿಸಿದು ನಿಂತಿತ್ತು. ದೇವು ಉತ್ಸಾಹದಿಂದ "ನೆಕ್ಕಿ ಮೇಸ್ತ್ರಿಗಳೆ, ನೆಕ್ಕಿ" ಎಂದ.

"ಇದ್ ನೆಕ್ಕಿರೆ ನಾಳಿಗ್ ನಿನ್ನ್ ಬೈಯುಕೆ ನಾಲ್ಗಿ ಇರುದಿಲ್ಲೆ" ಎಂದರು ಮೇಸ್ತ್ರಿ. ಬಗ್ಗಿ ಮೂಸಿದರು. "ಆಸಿಡ್."

"ಹೌದ್, ಆಸಿಡ್!" ಸರೋಜಕ್ಕ ಈಗ ನಿಜವಾಗಿ ರೇಗಿದಳು. "ಮಳಿಗಾಲದಲ್ ಪಾಚಿ, ಹಾವ್ಸಿ ಕಟ್ಟಿ ಎರ್ಡ್ ಸಲ ಜಾರಿ ಬಿದ್ದೆ ಮಾರಾಯ್ರೆ. ಕಕ್ಕಸ್ ತೊಳು ಆಸಿಡ್ ಹೊಯ್ದ್ ತಿಕ್ಕ್ದೆ, ಹಾವ್ಸಿ ಹೋಯ್ತ್. ನಾನ್ ಸಾಯ್ಕಾ, ಅಂಗಳ ಸಾಯ್ಕಾ? ನೀವೇ ಹೇಳಿ ಕಾಂಬ!"

ಬ್ರಷ್ಷು, ಸೋಪು, ಬಿಸಿನೀರು ಸಾಕಾಗುತ್ತಿತ್ತು ಎಂದು ಮೇಸ್ತ್ರಿ ಮೆಲ್ಲಗೆ ಹೇಳಿದರು. ಮೂರು ಗಾಯ, ಮೂರೂ ಮನೆಯವರದು. ದೇವುವಿನ ಎದೆ ಅಂಗಳದಷ್ಟು ಅಗಲವಾಯಿತು. ಅವನು ಮನಸ್ಸಿನಲ್ಲೇ ಸಭಾಭವನದಲ್ಲಿ ಹೊಯಿಗೆ ಇಳಿಸಲು ಜಾಗ ಗುರುತು ಮಾಡತೊಡಗಿದ.

ಆಗ ಇಷ್ಟು ಹೊತ್ತೂ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಮಿಥುನ್ ಗಂಟಲು ಸರಿಮಾಡಿಕೊಂಡ. "ಮೇಸ್ತ್ರಿಗಳೆ, ತುಳಸಿ ಕಟ್ಟಿ ಎದ್ರಿಗೆ ಒಂದ್ ಇತ್ತಲೆ. ಅದ್ ಬಿಟ್ಟ್ ಹೋಯ್ತ್ರ್ಯಾ?"

ತುಳಸಿ ಕಟ್ಟೆಯ ಎದುರು, ಒಂದು ಚಾಪೆಯಷ್ಟು ಅಗಲಕ್ಕೆ, ನೆಲ ಹಪ್ಪಳದಂತೆ ತೆಳ್ಳಗೆ ಪದರ ಪದರವಾಗಿ ಏಳುತ್ತಿತ್ತು. ಅಲ್ಲಿ ಮೀನಿಲ್ಲ, ಬೆಂಕಿಯಿಲ್ಲ, ಆಸಿಡ್ಡಿಲ್ಲ. ದೇವು ಎರಡು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದೇ ಚಾಪೆಯಗಲದ ಸಂಗತಿ.

ಕಾಂಕ್ರೀಟು ಹಾಕಿದ ಮೇಲೆ ಸ್ವಲ್ಪ ಹೊತ್ತಿಗೆ ನೀರು ಮೇಲೆ ಬಂದು ನಿಲ್ಲುತ್ತದೆ. ಅದು ಆರುವ ತನಕ ಕರಣೆ ಮುಟ್ಟಬಾರದು. ಇದು ಮೇಸ್ತ್ರಿಯ ಒಂದನೇ ಕಟ್ಟಳೆ. ಅವರು ಕುಕ್ಕರಗಾಲಿನಲ್ಲಿ ಕೂತು, ಎಲೆಯಡಿಕೆಯ ಕವಳ ಜಗಿಯುತ್ತ, ನಡುನಡುವೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತ, ಒಂದೂವರೆ ಗಂಟೆ ಬೇಕಾದರೂ ಕಾಯುವ ಮನುಷ್ಯ. ಮನೆ ಯಜಮಾನರು ಕೂಗಿದರೂ ಏಳುವುದಿಲ್ಲ, ಮಳೆಯ ಮೋಡ ಬಂದರೆ ಪ್ಲಾಸ್ಟಿಕ್ ಹೊದಿಸಿ ಮತ್ತೆ ಕೂರುತ್ತಾರೆ. ಆದರೆ ಆ ದಿನ, ತುಳಸಿ ಕಟ್ಟೆಯ ಎದುರಿನ ಕೊನೆಯ ತುಂಡಿನಲ್ಲಿ, ನೀರು ಇನ್ನೂ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಮೇಸ್ತ್ರಿ ಎದ್ದುಬಿಟ್ಟರು. "ದೇವು, ನಾಕ್ ಮುಷ್ಟಿ ಒಣ ಸಿಮೆಂಟ್ ಉದ್ರ್ಸ್" ಎಂದರು. ದೇವು ಉದುರಿಸಿದ. ಅವರು ಸರಸರನೆ ತೀಡಿ ಹೊಳಪು ಮಾಡಿ, ಹತ್ತೇ ನಿಮಿಷದಲ್ಲಿ ಕೈ ತೊಳೆದರು.

ಯಾಕೆ? ದೇವು ಎರಡು ವರ್ಷ ಇದನ್ನೇ ಯೋಚಿಸಿದ್ದ. ಪಡುವಣ ಗಾಳಿಯ ವೇಗ ನೋಡಿಯೋ, ಹುಣ್ಣಿಮೆಯ ಉಬ್ಬರ ಲೆಕ್ಕ ಹಾಕಿಯೋ, ಥಾಣೆಯಲ್ಲಿ ಕಲಿತ ಯಾವುದೋ ಗುಟ್ಟಿನ ವಿದ್ಯೆಯಿಂದಲೋ ಹಾಗೆ ಮಾಡಿರಬೇಕು ಎಂದು ತೀರ್ಮಾನಿಸಿದ್ದ. ಈಗ ಆ ವಿದ್ಯೆ ಹಪ್ಪಳವಾಗಿ ಎದುರಿಗೆ ಬಿದ್ದಿತ್ತು.

ಮೇಸ್ತ್ರಿ ಅಲ್ಲಿ ಕೂತರು. ಬೆರಳು ಉಜ್ಜಿ ನಾಲಿಗೆಗೆ ಇಟ್ಟರು. "ಉಪ್ಪಲ್ಲ" ಎಂದರು. ಆಮೇಲೆ ಅಲ್ಲೇ ಬಗ್ಗಿ ನೋಡುತ್ತ ಕೂತರು.

ಸುತ್ತಲಿದ್ದವರು ತಲೆಗೊಂದು ಕಾರಣ ಹುಡುಕಿ ಕೊಡತೊಡಗಿದರು. ಮಾಷ್ಟ್ರು ದೂರದಲ್ಲಿ ಹೋಗುವ ರೈಲಿನ ಕಂಪನದ ಬಗ್ಗೆ ಒಂದು ಸಣ್ಣ ಪಾಠ ಮಾಡಿದರು. ದೇವು ತುಳಸಿ ಕಟ್ಟೆಯ ದೀಪದ ಎಣ್ಣೆಯನ್ನು ತೋರಿಸಿದ. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಸರೋಜಕ್ಕ. ಮೂರು ಸಲ ಸೋತು ಮೆತ್ತಗಾಗಿದ್ದಳೋ, ಮೇಸ್ತ್ರಿಯ ಬಗ್ಗಿದ ಬೆನ್ನು ನೋಡಿ ಕನಿಕರ ಬಂತೋ, "ದಿನಾ ತುಳಸಿಗ್ ನೀರ್ ಹೊಯ್ತೆ. ಅದ್ ಹರ್ದ್ ಹೀಂಗ್ ಆಯ್ತಾ ಕಾಣ್ತ್" ಎಂದಳು.

ಪಾರಾಗುವ ಬಾಗಿಲು ತೆರೆದೇ ಇತ್ತು. ಹೂಂ ಎಂದು ತಲೆ ಅಲ್ಲಾಡಿಸಿದರೆ ಸಭಾಭವನದ ನೆಲ ಮೇಸ್ತ್ರಿಯದು. ದೇವು ಕಣ್ಣಿನಲ್ಲೇ ಬೇಡಿಕೊಂಡ.

"ತುಳಸಿಗ್ ಎಂತಕ್ಕೆ ಬೈಯುದ್?" ಮೇಸ್ತ್ರಿ ಒಂದು ಪದರವನ್ನು ಉಗುರಿನಲ್ಲಿ ಎಬ್ಬಿಸಿ ಮಾಷ್ಟ್ರ ಕೈಗೆ ಕೊಟ್ಟರು. "ಇದ್ ನಂದೇ ಕೆಲ್ಸ. ಮೇಲಿನ್ ನೀರ್ ಆರುಕೆ ಮೊದ್ಲೇ ಒಣ ಸಿಮೆಂಟ್ ಹಾಕಿ ತೀಡ್ದೆ. ಮೇಲ್ ಮಾತ್ರ ಹೊಳಪ್ ಬಂತ್. ಅದ್ರಡಿಗೆ ನೀರ್ ಸಿಕ್ಕಂಡ್ ಗಟ್ಟಿ ಆಯಿಲ್ಲೆ."

ಮಿಥುನ್ ಫೋನನ್ನು ಜೇಬಿಗೆ ಹಾಕಿ, ಗೆದ್ದವನ ಔದಾರ್ಯದಿಂದ ನಕ್ಕ. "ಹಾಂಗಾರೆ ನಿರ್ಣಯ ಆಯ್ತಲೆ ಮಾಷ್ಟ್ರೆ? ನಾಳಿಗೇ ಮಿಶನ್ ತತ್ತೆ."

"ಕೂಕೋ ಮಾರಾಯ" ಎಂದಳು ಸರೋಜಕ್ಕ. "ನಿನ್ ಹತ್ರ ಒಂದ್ ಮಾತ್ ಕೇಂಬುಕಿತ್ತ್. ನೀನ್ ಬೈಂದೂರಗ್ ಮಾಡ್ದ ಅಂಗಡಿ ನೆಲ ದಿನಾ ಗುಡ್ಸಿರೆ ಒಂದ್ ಸೇರ್ ಹುಡಿ ಬತ್ತ್ ಅಂಬ್ರ್. ಹೌದಾ?"

"ಅದ್... ಅದ್ ಸಿಮೆಂಟ್ ಸಮಾ ಇಲ್ದಿದ್ದದ್."

"ಸಿಮೆಂಟಿನ್ ತಪ್ಪ್?"

"ಮತ್ತೆ ಅವ್ರ್ ನೆಲ ಗಟ್ಟಿ ಆಪುಕೆ ನೀರೂ ಕಟ್ಟಿಲ್ಲೆ. ಬಿಸ್ಲೂ ಜಾಸ್ತಿ ಇದ್ದಿತ್ತ್. ಕೆಲ್ಸದವ್ರೂ..."

"ಹೂಂ. ಸೂರ್ಯಂದೂ ತಪ್ಪ್." ಸರೋಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಷ್ಟ್ರ ಕಡೆ ತಿರುಗಿದಳು. "ಮಾಷ್ಟ್ರೆ, ನನ್ನ್ ಅಂಗಳಲ್ ನಾಕ್ ಗಾಯ. ಮೂರ್ ನಂದ್, ಒಂದ್ ಇವ್ರದ್. ಸಭಾಭವನದಲ್ ನಾನ್ ಮೀನೂ ಒಣ್ಸುದಿಲ್ಲೆ, ಭತ್ತವೂ ಬೇಯ್ಸುದಿಲ್ಲೆ. ಇವ್ರದ್ ಇವ್ರೇ ತೆಗ್ದ್ ಸಮಾ ಮಾಡಿ ಕೊಡ್ಲಿ. ಅಲ್ಲಿನ್ ನೆಲವೂ ಇವ್ರೇ ಮಾಡ್ಲಿ. ನಾಳೆ ಅಲ್ಲಿ ಎಂತ ಹಾಳಾರೂ ನಂದೇ ತಪ್ಪ್ ಅಂದೇಳಿ ಹೇಳುಕೊಂದ್ ಜನ ಬೇಕಲೆ? ಸೂರ್ಯನ್ ಎಲ್ಲ್ ಹುಡ್ಕುದ್ ನಾವ್?"

ಸಮಿತಿ ಒಪ್ಪಿತು. ಒಪ್ಪದಿದ್ದರೆ ಸರೋಜಕ್ಕ ಇನ್ನೊಮ್ಮೆ ಎದ್ದು ನಿಲ್ಲುತ್ತಿದ್ದಳು. ಮಿಥುನ್ ಚಾ ಮುಗಿಸಿ ಬೈಕ್ ಹತ್ತಿದ.

ದೇವುವಿಗೆ ಕಣ್ಣು ತುಂಬಿ ಬಂತು. ಮಾಷ್ಟ್ರಿಗೂ ಬಂತು, ಆದರೆ ಅವರು ಅದನ್ನು ಭಾಷಣವಾಗಿ ಹೊರಗೆ ಬಿಟ್ಟರು. ಸತ್ಯಕ್ಕಾಗಿ ಸ್ಮಶಾನ ಕಾದ ರಾಜನಿಂದ ಹಿಡಿದು ಸರೋಜಕ್ಕನ ಅಂಗಳದವರೆಗೆ ಒಂದೇ ಉಸಿರಿನಲ್ಲಿ ಬಂದು, ನಡಾವಳಿ ಪುಸ್ತಕ ತೊಡೆಯ ಮೇಲಿಟ್ಟು, ಪೆನ್ನಿನ ಟೋಪಿ ತೆಗೆದರು.

"ಚಂದಯ್ಯ, ತಪ್ಪು ಬರೆದ ಮೇಲೆ ಅದಕ್ಕೆ ಕಾರಣವನ್ನೂ ಬರೆಯಬೇಕು. ಮುಂದಿನ ತಲೆಮಾರಿಗೆ ದಾಖಲೆ ಇರಲಿ. ಮೂವತ್ತು ವರ್ಷದಲ್ಲಿ ಒಂದು ಸಲವೂ ಕಟ್ಟಳೆ ಮುರಿಯದ ಮನುಷ್ಯ ನೀವು. ಆ ದಿನ ಅಂಥದ್ದು ಏನಾಯಿತು? ಮಳೆಯ ಸೂಚನೆ ಇತ್ತಾ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ಫೋನ್ ಬಂತಾ?"

ಎಲ್ಲರೂ ಮುಂದಕ್ಕೆ ಬಾಗಿದರು. ದೇವು ಎರಡು ವರ್ಷ ಕಾದ ಗುಟ್ಟು ಈಗ ಮೇಸ್ತ್ರಿಯ ಬಾಯಿಂದಲೇ ಬರಲಿತ್ತು. ಗಾಳಿಯೋ, ಉಬ್ಬರವೋ, ಥಾಣೆಯ ವಿದ್ಯೆಯೋ?

ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡರು.

"ಹೊಟ್ಟಿ ಹಶು ಆಯ್ತ್ ಮಾಷ್ಟ್ರೆ. ಒಳ್ಗೆ ಸರೋಜಕ್ಕ ಬಂಗ್ಡಿ ಮೀನ್ ಹುರಿತಾ ಇದ್ರ್. ಬರ್ಕಣಿ."